ಮನೆಗೆ ಬಂದ ಅತಿಥಿಯೂ ಪಂಚಾಯತಿಯ ದಪ್ತರವೂ

ಸವಣೂರಿಗೂ ಲಕ್ಷ್ಮೇಶ್ವರಕ್ಕೂ ಹೋಗತಕ್ಕವರು ರೈಲಿನಿಂದಿಳಿಯುವ ನಿಲ್ದಾಣವುಳ್ಳ ಯಲವಿಗಿಯು ಪರಸ್ಥಳದವರ ಮುಖವನ್ನರಿಯದ ಊರಲ್ಲ. ಸತ್ಯಬೋಧ ಸ್ವಾಮಿಗಳ ವೃಂದಾವನವನ್ನು ಸಂದರ್ಶಿಸಲು ಸವಣೂರಿಗೆ ಬರುವವರಿಗೂ, ಪುಲಿಗೆರೆಯೆಂಬ ಲಕ್ಷ್ಮೇಶ್ವರದ ಸೋಮೇಶ್ವರನಲ್ಲಿಗೆ ಹೊರಟವರಿಗೂ, ಬಾಡದಲ್ಲಿ ಕನಕದಾಸರ ಜನ್ಮಭೂಮಿಯನ್ನು ಕಾಣಬಯಸುವವರಿಗೂ ಒಂದಿರುಳಿನ ಆಶ್ರಯವೀಯಬೇಕೆಂದು, ಮಕ್ಕಳೆಲ್ಲ ಪಟ್ಟಣ ಸೇರಿದ ಮೇಲೆ ಬರಿದಾದ ಕೋಣೆಗಳುಳ್ಳ ಗೃಹಸ್ಥನೊಬ್ಬನು ಇಲ್ಲಿ ಮನಸ್ಸು ಮಾಡಿದನೆಂದರೆ, ಆತನು ಮೊದಲು ಹೋಗಬೇಕಾದದ್ದು ಊರ ಪಂಚಾಯತಿಗೋ, ಹಾವೇರಿಯ ಪ್ರವಾಸೋದ್ಯಮ ಇಲಾಖೆಯ ಕಚೇರಿಗೋ, ಪೊಲೀಸ್ ಠಾಣೆಗೋ?

ಈ ಜಿಜ್ಞಾಸೆ ನೂತನವಾದುದಲ್ಲ. ಪ್ರಯಾಣಿಕರ ತಂಗುದಾಣಗಳನ್ನು ಕುರಿತ 1867ರ ಸರಾಯ್ ಕಾಯಿದೆಯು, ತಂಗುದಾಣವನ್ನು ನಡೆಸುವವರ ಹೆಸರು ವಾಸಸ್ಥಾನಗಳನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ದಾಖಲೆಯಲ್ಲಿ ಬರೆಯಿಸಿಡತಕ್ಕದ್ದೆಂದೂ, ಹಾಗೆ ಬರೆದುಕೊಳ್ಳುವುದಕ್ಕೆ ಶುಲ್ಕವನ್ನು ಪಡೆಯಕೂಡದೆಂದೂ, ನಡೆಸುವವನಾದರೋ ಕೋಣೆ, ಚರಂಡಿ, ಬಾವಿಗಳನ್ನು ಶುಚಿಯಾಗಿಟ್ಟು, ಕಾವಲಿನವರನ್ನು ನೇಮಿಸಿ, ದರಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗಹಾಕಬೇಕೆಂದೂ ವಿಧಿಸಿತ್ತು. ಪರಕೀಯರ ಕಾಯಿದೆಯೆಂದು ಹಳಿಯುವವರು ಹಳಿಯಲಿ. ಹೆಸರು ಬರೆಯಿಸಬಂದವನಿಂದ ಕಾಸು ಕೇಳಬಾರದೆಂಬ ಆ ವಿವೇಕವನ್ನು ನಮ್ಮ ಸ್ವಕೀಯ ಕಚೇರಿಗಳು ಇಂದಿಗೂ ಕಲಿಯಬಹುದಾಗಿದೆ.

ನಿಯಮವೇ ಬೇಡವೆಂದು ನಾನು ಹೇಳುತ್ತಿಲ್ಲ. ತುಂಗಭದ್ರೆಯ ನಡುವಣ ವಿರೂಪಾಪುರ ಗಡ್ಡೆಯಲ್ಲಿ, ಹಂಪಿಯ ಸಂರಕ್ಷಿತ ಪ್ರದೇಶದೊಳಗೆ, ಅನುಮತಿಯಿಲ್ಲದೆ ವರ್ಷಗಟ್ಟಲೆ ಬೆಳೆದ ವಸತಿಗೃಹಗಳು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ ಬಳಿಕ ನೆಲಸಮವಾದುವು. ಮೊದಲ ಗುಡಿಸಲೇಳುವಾಗ ಆಡಬೇಕಾಗಿದ್ದ ಮಾತನ್ನು ಬುಲ್ಡೋಜರಿನ ಮುಖಾಂತರ ಆಡುವುದು ರಾಜ್ಯಭಾರದ ಲಕ್ಷಣವಲ್ಲ.

ಹಾಗಾದರೆ ಬೇಕಾದ ನಿಯಮ ಯಾವುದು? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯು ಬಾಡಿಗೆಯ ಕೋಣೆಗಳನ್ನು ಆರಕ್ಕೆ ಸೀಮಿತಗೊಳಿಸಿ, ಒಡೆಯನು ಸಕುಟುಂಬನಾಗಿ ಆ ಮನೆಯಲ್ಲಿಯೇ ವಾಸಿಸತಕ್ಕದ್ದೆಂಬ ನಿಬಂಧನೆಯನ್ನಿಟ್ಟಿದೆ. ಸಮಸ್ತ ನಿಯಮಾವಳಿಯ ಪ್ರಾಣ ಇದೊಂದೇ ಎಂದು ನನ್ನ ಮತ. ಇದನ್ನು ಸಡಿಲಿಸಿದಲ್ಲಿ, ಪರವೂರ ಧನಿಕನು ಮನೆಗಳನ್ನು ಗುತ್ತಿಗೆ ಹಿಡಿದು ಹೋಂಸ್ಟೇ ಎಂಬ ಫಲಕದಡಿ ಲಾಡ್ಜನ್ನೇ ನಡೆಸುವನು. ತೆರಿಗೆ ಕಟ್ಟಿ ಲಾಡ್ಜ್ ನಡೆಸುತ್ತಿರುವವನ ಆಕ್ಷೇಪವು ಆಗ ನ್ಯಾಯವೇ ಆದೀತು.

ಆದುದರಿಂದ ಸ್ವಂತ ಮನೆಯಲ್ಲಿದ್ದು ಆರು ಕೋಣೆಯೊಳಗೆ ಅತಿಥಿಗಳನ್ನಿರಿಸಿಕೊಳ್ಳುವವನಿಗೆ ಗ್ರಾಮ ಪಂಚಾಯತಿಯ ದಪ್ತರದಲ್ಲಿ ಹೆಸರು ಬರೆಯಿಸುವುದಷ್ಟೇ ಸಾಕಾಗಬೇಕು. ಅದನ್ನು ನಿರಾಕರಿಸುವ ಅಧಿಕಾರ ಕಾರ್ಯದರ್ಶಿಗಿರಕೂಡದು. ಪ್ರತಿಗಳನ್ನು ಠಾಣೆಗೂ ಇಲಾಖೆಗೂ ಪಂಚಾಯತಿಯೇ ಕಳುಹಿಸಬೇಕು. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ವರದಿ ಮಾಡುವ ಕರ್ತವ್ಯವು ಹೇಗೂ ಉಂಟು. ಒಡೆಯನಿಲ್ಲದ ಮನೆಗೂ ಆರಕ್ಕೆ ಮೀರಿದ ಕೋಣೆಗಳಿಗೂ ಪರವಾನಗಿ, ತಪಾಸಣೆ, ತೆರಿಗೆಗಳೆಲ್ಲ ಯಥಾವತ್ತಾಗಿ ಅನ್ವಯಿಸಲಿ. ಯಲವಿಗಿಯ ಪಂಚಾಯತಿ ಸದಸ್ಯರು ಇಂತಹದೊಂದು ಠರಾವನ್ನು ಬರುವ ಗ್ರಾಮಸಭೆಯ ಮುಂದಿಟ್ಟು ಸರಕಾರಕ್ಕೆ ಕಳುಹಿಸಬೇಕೆಂದು ನನ್ನ ವಿಜ್ಞಾಪನೆ.