ಸುಖ, ನೆಮ್ಮದಿ, ಬಾಳ್ವೆ: ತಿರುವೊಟ್ಟಿಯೂರಿನಲ್ಲಿ ನಿಂತು ಗ್ರೀಕರನ್ನು ಓದುವುದು

ಚೆನ್ನೈಯ ಉತ್ತರ ತುದಿಯಲ್ಲಿ, ಕಡಲಿಗೆ ತಾಗಿಕೊಂಡು ತಿರುವೊಟ್ಟಿಯೂರಿದೆ. 2011ರಲ್ಲಿ ಮಹಾನಗರಪಾಲಿಕೆಗೆ ಸೇರುವವರೆಗೆ ಅದು ಬೇರೆಯದೇ ಊರು. ಅಲ್ಲಿನ ಕಡಲ ದಂಡೆಯ ಹತ್ತಿರ ಪಟ್ಟಿನತ್ತಾರ್ ಎಂಬ ಸಂತನ ಸಮಾಧಿಯಿದೆ. ಚಿತ್ರಗಳಲ್ಲಿ ಆತ ಕೌಪೀನ ಉಟ್ಟು, ಕೈಯಲ್ಲಿ ಕಬ್ಬಿನ ಜಲ್ಲೆ ಹಿಡಿದು ನಿಂತಿರುತ್ತಾನೆ. ಐತಿಹ್ಯದ ಪ್ರಕಾರ ಆತ ಕಾವೇರಿಪೂಂಪಟ್ಟಿನದ ಸಿರಿವಂತ ವರ್ತಕ. ಸಾಕುಮಗ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಕಣ್ಣು ಮುರಿದ ಸೂಜಿಯೊಂದು ಸಿಕ್ಕಿತು. ಕೊನೆಗಾಲದಲ್ಲಿ ಇಷ್ಟೂ ಜೊತೆಗೆ ಬಾರದು ಎಂಬುದು ಹೊಳೆದು ಆತ ಮನೆ ಬಿಟ್ಟ. ಊರೂರು ತಿರುಗುವಾಗ ಕೈಯಲ್ಲಿದ್ದ ಕಬ್ಬು ಎಲ್ಲೆಡೆ ಕಹಿಯಾಗಿಯೇ ಇತ್ತು. ಎಲ್ಲಿ ಅದರ ತುದಿ ಸಿಹಿಯಾಗುವುದೋ ಅಲ್ಲೇ ಮುಕ್ತಿ ಎಂಬ ಗುರುತು ಸಿಕ್ಕಿತ್ತು. ತಿರುವೊಟ್ಟಿಯೂರಿನಲ್ಲಿ ಅದು ಸಿಹಿಯಾಯಿತು.

ಈ ಕಥೆಯನ್ನು ಗ್ರೀಕ್ ತತ್ತ್ವಜ್ಞಾನದ ಪಕ್ಕದಲ್ಲಿಟ್ಟು ನೋಡಲು ಕಾರಣವಿದೆ. ಸುಖವೆಂದರೆ ನಾಲಿಗೆಗೆ ತಾಗುವ ಸಿಹಿಯೇ, ಇಲ್ಲ ಇಡೀ ಪಯಣ ಒಂದು ತುದಿ ಮುಟ್ಟಿದಾಗ ಅದರ ಬಗ್ಗೆ ಹೇಳಬಹುದಾದ ಮಾತೇ? ಸಾಕ್ರಟೀಸನ ಶಿಷ್ಯರ ಕಾಲದಿಂದ ಎಪಿಕ್ಯೂರಸನವರೆಗೆ ಗ್ರೀಕರು ಹೊಡೆದಾಡಿದ್ದು ಇದೇ ಪ್ರಶ್ನೆಯ ಸುತ್ತ. ಕನ್ನಡದಲ್ಲಿ ಆ ಹೊಡೆದಾಟ ಸರಿಯಾಗಿ ಕೇಳಿಸುವುದಿಲ್ಲ. ಎರಡು ಬೇರೆ ಬೇರೆ ಗ್ರೀಕ್ ಪದಗಳಿಗೆ ಇಲ್ಲಿ ‘ಸುಖ’ ಎಂಬ ಒಂದೇ ಪದ ಬಂದು ಕೂತಿರುವುದು ಅದಕ್ಕೆ ಮುಖ್ಯ ಕಾರಣ.

ಒಂದು ಪದ ಹೆಡೊನೆ. ಬಾಯಾರಿದವನು ನೀರು ಕುಡಿದಾಗ, ಹಾಡು ಕೇಳಿದಾಗ, ಗೆಳೆಯನ ಮುಖ ಕಂಡಾಗ ಆಗುವ ಹಿತಾನುಭವ ಅದು. ಇನ್ನೊಂದು ಯುಡೈಮೋನಿಯ. ಬಿಡಿಸಿದರೆ ‘ಒಳ್ಳೆಯ ದೈವದ ಕಾವಲಿರುವುದು’ ಎಂದಾಗುತ್ತದೆ. ಅದು ಒಂದು ಗಳಿಗೆಯ ಅನುಭವದ ಹೆಸರಲ್ಲ, ಒಬ್ಬರ ಬದುಕು ಚೆನ್ನಾಗಿ ನಡೆದಿದೆ ಎಂಬ ತೀರ್ಮಾನ. ಊಟವಾದ ಮೇಲೆ ಹೆಡೊನೆ ಆಗಬಹುದು; ಯುಡೈಮೋನಿಯ ಊಟದಿಂದ ಊಟಕ್ಕೆ ಬಂದುಹೋಗುವಂಥದ್ದಲ್ಲ. ಕನ್ನಡದ ‘ಸುಖ’ ಎರಡೂ ಕಡೆ ಕಾಲಿಟ್ಟಿರುವ ಪದ. ‘ಹಾಸಿಗೆ ಸುಖವಾಗಿದೆ’ ಎನ್ನುವಾಗ ಅದು ಮೊದಲನೆಯದು. ‘ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ’ ಎನ್ನುವಾಗ ಎರಡನೆಯದು. ಹೀಗಾಗಿ ‘ಸುಖವೇ ಬದುಕಿನ ಗುರಿ’ ಎಂದು ಎಪಿಕ್ಯೂರಸನ ಮಾತನ್ನು ಕನ್ನಡಕ್ಕೆ ತಂದರೆ, ಅದು ಯಾರೂ ತಕರಾರು ಎತ್ತಲಾಗದ ಸಪ್ಪೆ ಮಾತಾಗಿಯೂ ಕೇಳಬಹುದು, ಲಂಪಟತನದ ಜಾಹೀರಾತಾಗಿಯೂ ಕೇಳಬಹುದು. ಆತ ಹೇಳಿದ್ದು ಎರಡೂ ಅಲ್ಲ.

ಎಪಿಕ್ಯೂರಸ್ (ಕ್ರಿ.ಪೂ. 341–270) ಅಥೆನ್ಸಿನಲ್ಲಿ ಒಂದು ತೋಟ ಕೊಂಡು, ಗೆಳೆಯರೊಂದಿಗೆ ಅಲ್ಲಿ ನೆಲೆಸಿದ. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿತ್ತು. ಅವನಿಗಿಂತ ಮೊದಲು ಸೈರೀನಿನ ಅರಿಸ್ಟಿಪ್ಪಸನ ಪಂಥದವರು, ಈ ಗಳಿಗೆಯ ಸುಖವೇ ಗುರಿ, ಇಡೀ ಬದುಕಿನ ಒಳಿತೆಂಬುದು ಅಂಥ ಗಳಿಗೆಗಳ ಒಟ್ಟು ಮೊತ್ತ ಅಷ್ಟೇ, ಅದಕ್ಕೆಂದೇ ಬೇರೆ ಆಸೆಪಡಬೇಕಿಲ್ಲ ಎಂದಿದ್ದರು. ಎಪಿಕ್ಯೂರಸ್ ಸುಖವನ್ನು ಇಬ್ಭಾಗ ಮಾಡಿದ. ಒಂದು ಚಲಿಸುವ ಸುಖ: ಹಸಿವು ಹಿಂಗುತ್ತಿರುವಾಗ ಆಗುವಂಥದ್ದು. ಇನ್ನೊಂದು ನೆಲೆನಿಂತ ಸುಖ: ಹಸಿವು ಹಿಂಗಿದ ಮೇಲೆ ಇರುವ ಸ್ಥಿತಿ, ಮೈಗೆ ನೋವಿಲ್ಲ, ಮನಸ್ಸಿಗೆ ಕಲಕಿಲ್ಲ. ಈ ಎರಡನೆಯದೇ ಸುಖದ ಎತ್ತರದ ಮಿತಿ. ಅಲ್ಲಿಂದಾಚೆ ಬಗೆಬಗೆಯ ಭಕ್ಷ್ಯಗಳು ಸುಖವನ್ನು ಹೆಚ್ಚಿಸುವುದಿಲ್ಲ, ಅದರ ಬಣ್ಣ ಬದಲಿಸುತ್ತವೆ ಅಷ್ಟೇ ಎಂಬುದು ಅವನ ವಾದ. ಒಂದಿಷ್ಟು ಗಿಣ್ಣು ಕಳಿಸು, ಬೇಕೆನಿಸಿದ ದಿನ ಹಬ್ಬದೂಟ ಮಾಡುತ್ತೇನೆ ಎಂದು ಗೆಳೆಯನಿಗೆ ಬರೆದವನು ಆತ.

ಇದಕ್ಕೆ ಬಂದ ದೊಡ್ಡ ಆಕ್ಷೇಪವನ್ನು ಪ್ಲೇಟೋ ಮೊದಲೇ ಬರೆದಿಟ್ಟಿದ್ದ. ‘ಗೋರ್ಗಿಯಾಸ್’ ಸಂವಾದದಲ್ಲಿ ಸಾಕ್ರಟೀಸ್ ತೂತು ಕೊಡದ ಹೋಲಿಕೆ ತರುತ್ತಾನೆ: ಆಸೆಬುರುಕನ ಬದುಕು ತಳ ಸೋರುವ ಕೊಡಗಳನ್ನು ಹಗಲಿರುಳು ತುಂಬುವ ಕೆಲಸ, ಸಂಯಮಿಯ ಕೊಡಗಳು ತುಂಬಿ ನಿಂತಿವೆ. ಎದುರಾಳಿ ಕ್ಯಾಲಿಕ್ಲೀಸ್ ಒಪ್ಪುವುದಿಲ್ಲ. ತುಂಬಿದ ಕೊಡದವನದು ಕಲ್ಲಿನ ಬದುಕು, ಸುಖವಿರುವುದೇ ಸುರಿಯುವುದರಲ್ಲಿ ಎನ್ನುತ್ತಾನೆ. ಇವತ್ತಿನ ಮಾರುಕಟ್ಟೆ ಕ್ಯಾಲಿಕ್ಲೀಸನ ಪಕ್ಷ. ಎಪಿಕ್ಯೂರಸನ ಉತ್ತರ ಸುಖದ ಹೆಸರಿನಲ್ಲೇ ಬರುತ್ತದೆ: ತುಂಬಿದ ಕೊಡದವನಿಗೆ ಸುಖ ತಪ್ಪಿಲ್ಲ, ಅವನು ಅದನ್ನು ಕಳೆದುಕೊಳ್ಳುವ ಹೆದರಿಕೆಯಿಲ್ಲದೆ ಅನುಭವಿಸುತ್ತಿದ್ದಾನೆ.

ಇಲ್ಲಿ ಕನ್ನಡದ ಓದುಗರಿಗೆ ಎರಡು ಸುಲಭದ ದಾರಿಗಳು ಕಾಣುತ್ತವೆ. ಎರಡೂ ತಪ್ಪು ದಾರಿಗಳು.

ಮೊದಲನೆಯದು ಎಪಿಕ್ಯೂರಸನನ್ನು ‘ಗ್ರೀಕರ ಚಾರ್ವಾಕ’ ಎಂದುಬಿಡುವುದು. ಇಬ್ಬರೂ ಪರಲೋಕದ ಭಯಕ್ಕೆ ಸೊಪ್ಪು ಹಾಕಲಿಲ್ಲ, ನಿಜ. ಆದರೆ ಚಾರ್ವಾಕರ ಬರಹಗಳು ಉಳಿದಿಲ್ಲ. ಅವರ ಮಾತು ಹೆಚ್ಚಾಗಿ ಅವರನ್ನು ಖಂಡಿಸಿದವರ ಪುಸ್ತಕಗಳ ಮೂಲಕವೇ ಬಂದಿದೆ. ಸಾಲದ ತುಪ್ಪದ ಮಾತೊಂದನ್ನೇ ಹಿಡಿದು ಇಡೀ ಪಂಥವನ್ನು ಅಳೆಯುವುದು ನ್ಯಾಯವಲ್ಲ. ಎಪಿಕ್ಯೂರಸನಿಗೂ ಇದೇ ಗತಿ. ಅವನು ಬರೆದ ರಾಶಿಯಲ್ಲಿ ಉಳಿದದ್ದು ಮೂರು ಪತ್ರಗಳು, ಕೆಲವು ಸೂತ್ರಗಳು, ಚೂರುಪಾರು ಹಾಳೆಗಳು. ಉಳಿದದ್ದರಲ್ಲಿ ಎಷ್ಟೋ ವಿರೋಧಿಗಳ ಬಾಯಿಯಿಂದ. ಇಂಗ್ಲಿಷಿನಲ್ಲಿ ಅವನ ಹೆಸರು ಭೋಜನಪ್ರಿಯರ ಬಿರುದಾಗಿದೆ. ಅಪವಾದಕ್ಕೆ ಗುರಿಯಾದ ಇಬ್ಬರನ್ನು ಒಂದೇ ಗಂಟಿಗೆ ಕಟ್ಟಿದರೆ ಇಬ್ಬರೂ ಅರ್ಥವಾಗುವುದಿಲ್ಲ.

ಎರಡನೆಯದು, ರೊಟ್ಟಿ ನೀರಿನ ಊಟ ನೋಡಿ ಅವನನ್ನು ವೈರಾಗಿ ಮಾಡುವುದು. ಅವನನ್ನು ಪಟ್ಟಿನತ್ತಾರನ ಪಕ್ಕದಲ್ಲಿ ನಿಲ್ಲಿಸಿದರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಪಟ್ಟಿನತ್ತಾರನಿಗೆ ಕಬ್ಬು ದಾರಿಯುದ್ದಕ್ಕೂ ಕಹಿ. ಸಿಹಿ ಇರುವುದು ಪಯಣ ಮುಗಿಯುವ ಕಡೆ. ಎಪಿಕ್ಯೂರಸನ ಲೆಕ್ಕದಲ್ಲಿ ಪಯಣದ ಆಚೆ ಏನೂ ಇಲ್ಲ, ಸಿಹಿ ಇದ್ದರೆ ದಾರಿಯಲ್ಲೇ ಇರಬೇಕು. ಒಬ್ಬ ಕಡಿಮೆ ಉಂಡದ್ದು ಲೋಕದ ನಂಟು ಕಳಚಲು. ಇನ್ನೊಬ್ಬ ಕಡಿಮೆ ಉಂಡದ್ದು ಲೋಕದಲ್ಲಿ ಗೆಳೆಯರ ಜೊತೆ ನಿಶ್ಚಿಂತೆಯಿಂದ ಇರಲು. ಮೂತ್ರಕಟ್ಟಿನ ನೋವಿನಲ್ಲಿ ಸಾಯುತ್ತಿದ್ದ ಕೊನೆಯ ದಿನವೂ ಎಪಿಕ್ಯೂರಸ್ ಗೆಳೆಯನಿಗೆ ಪತ್ರ ಬರೆದ. ಹಳೆಯ ಮಾತುಕತೆಗಳ ನೆನಪು ಈ ನೋವಿಗೆ ಎದುರಾಗಿ ನಿಂತಿದೆ ಎಂಬುದು ಅದರ ತಾತ್ಪರ್ಯ. ವೈರಾಗಿ ಹಿಡಿದಿಟ್ಟುಕೊಳ್ಳದ ನೆನಪು ಅದು. ಅವನು ಕೊನೆಯವರೆಗೂ ಸುಖವಾದಿಯೇ.

ಹಾಗಾದರೆ ಯುಡೈಮೋನಿಯ ಎಂದರೆ ನೆಲೆನಿಂತ ಸುಖವೇ? ಎಪಿಕ್ಯೂರಸನಿಗೆ ಹೌದು. ಅರಿಸ್ಟಾಟಲನಿಗೆ ಅಲ್ಲ. ಈ ಭೇದ ತಿಳಿಯಲು ತಿರುವೊಟ್ಟಿಯೂರಿನ ಇನ್ನೊಂದು ಕಥೆ ನೆರವಾಗುತ್ತದೆ.

ಇಲ್ಲಿನ ತ್ಯಾಗರಾಜಸ್ವಾಮಿ ದೇವಾಲಯದ ಸ್ಥಳವೃಕ್ಷ ‘ಮಗಿಳ’. ಕರಾವಳಿಯವರು ರೆಂಜೆ ಎನ್ನುವ, ಉಳಿದವರು ಬಕುಳ ಎನ್ನುವ ಮರ. ತಮಿಳಿನಲ್ಲಿ ‘ಮಗಿಳ್’ ಎಂದರೆ ಹಿಗ್ಗು, ನಲಿ ಎಂದೂ ಅರ್ಥ. ಹನ್ನೆರಡನೆಯ ಶತಮಾನದ ‘ಪೆರಿಯ ಪುರಾಣ’ ಹೇಳುವಂತೆ, ಆಗಲೇ ಪರವೈಯನ್ನು ಮದುವೆಯಾಗಿದ್ದ ಸುಂದರರ್ ಇಲ್ಲಿ ಸಂಗಿಲಿಗೆ ಮನಸೋತ. ನಿನ್ನನ್ನು ಬಿಟ್ಟುಹೋಗುವುದಿಲ್ಲ ಎಂದು ಆಣೆ ಇಡಬೇಕಿತ್ತು. ಗುಡಿಯಲ್ಲಿ ಆಣೆ ಇಡುವಾಗ ನೀನು ಮರದಡಿ ಹೋಗಿರು ಎಂದು ಶಿವನನ್ನೇ ಕೇಳಿಕೊಂಡ. ಶಿವ ಸಂಗಿಲಿಯ ಕನಸಿನಲ್ಲಿ ಬಂದು, ಮರದಡಿಯಲ್ಲೇ ಆಣೆ ಇಡಿಸು ಎಂದ. ಸುಂದರರ್ ಮಾತು ಕೊಟ್ಟ. ಕೆಲವು ತಿಂಗಳ ಮೇಲೆ ಮುರಿದ. ಊರ ಗಡಿ ದಾಟುತ್ತಿದ್ದಂತೆ ಕಣ್ಣು ಹೋಯಿತು.

ನಲಿವಿನ ಹೆಸರು ಹೊತ್ತ ಮರದ ಕೆಳಗೆ ಆದದ್ದೇನೆಂದು ನೋಡಬೇಕು. ಸುಂದರರ್ ನಲಿದದ್ದರಲ್ಲಿ ತಪ್ಪಿದೆಯೆಂದು ಪುರಾಣ ಹೇಳುವುದಿಲ್ಲ. ಆ ಮದುವೆಗೆ ಶಿವನ ಒಪ್ಪಿಗೆಯೇ ಇತ್ತು. ತಪ್ಪಿದ್ದು ಮಾತು. ಅರಿಸ್ಟಾಟಲನಿಗೆ ಈ ಕಥೆ ಹೇಳಿದ್ದರೆ ಅವನು ಇಲ್ಲಿಯೇ ಬೆರಳಿಡುತ್ತಿದ್ದ. ಅವನಿಗೆ ಸುಖ ಶತ್ರುವಲ್ಲ: ಒಂದು ಕೆಲಸ ಅಡೆತಡೆಯಿಲ್ಲದೆ ಚೆನ್ನಾಗಿ ನಡೆಯುವಾಗ ಅದರ ಜೊತೆಗೇ ಬರುವಂಥದ್ದು ಸುಖ. ಆದ್ದರಿಂದ ಸುಖ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಮೊದಲು, ಅದು ಯಾವ ಕೆಲಸದ ಜೊತೆ ಬಂತು ಎಂದು ಕೇಳಬೇಕು. ಯುಡೈಮೋನಿಯ ಎಂದರೆ ಸದ್ಗುಣಕ್ಕೆ ತಕ್ಕ ಹಾಗೆ, ಇಡೀ ಆಯುಷ್ಯದುದ್ದಕ್ಕೆ, ಮಾಡುತ್ತಲೇ ಇರುವುದು. ಅದರಲ್ಲಿ ಹೆಂಡತಿ, ಮಕ್ಕಳು, ಗೆಳೆಯರು, ಊರು ಎಲ್ಲರ ಪಾಲಿದೆ. ಸಂಗಿಲಿಯ ಬದುಕು ಕೆಟ್ಟ ಮೇಲೆ ಸುಂದರರ್ ಬದುಕು ಚೆನ್ನಾಗಿ ನಡೆಯಿತೆನ್ನಲು ಬರುವುದಿಲ್ಲ.

ಈ ಊರಿನ ಮೂರನೆಯ ಮನುಷ್ಯ ಪುರಾಣದವನಲ್ಲ, ಶಾಸನದವನು. ಕನ್ನಡ ನಾಡಿಗೂ ಅವನಿಗೂ ನಂಟಿದೆ. ಕ್ರಿ.ಶ. 949ರಲ್ಲಿ ತಕ್ಕೋಲಂ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಡೆ ಚೋಳರನ್ನು ಸೋಲಿಸಿತು. ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಗೆದ್ದವರ ಕಥೆ ಮಂಡ್ಯ ಜಿಲ್ಲೆಯ ಆತಕೂರಿನ ಕನ್ನಡ ಶಾಸನದಲ್ಲಿದೆ: ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ ಮೊದಲಾದ ನಾಡುಗಳು ಸಿಕ್ಕವು, ಅವನ ವೀರ ಮಣಲೇರ ಬೇಡಿ ಪಡೆದ ‘ಕಾಳಿ’ ಎಂಬ ನಾಯಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಆ ನಾಯಿಗೂ ಕಲ್ಲು ನಿಂತಿತು. ಸೋತವರ ಕಡೆಯ ಒಂದು ತುಣುಕು ತಿರುವೊಟ್ಟಿಯೂರಿನಲ್ಲಿದೆ. ಕೇರಳ ಮೂಲದ ಒಬ್ಬಾತ ರಾಜಾದಿತ್ಯನ ಆಪ್ತನಾಗಿದ್ದ. ಒಡೆಯನ ಜೊತೆ ತಾನೂ ರಣದಲ್ಲಿ ಸಾಯಲಿಲ್ಲವೆಂಬ ಕೊರಗಿನಿಂದ ಲೋಕ ಬಿಟ್ಟು, ಇಲ್ಲಿಗೆ ಬಂದು ಚತುರಾನನ ಪಂಡಿತನೆಂಬ ಹೆಸರಿನ ಮಠಾಧಿಪತಿಯಾದ. ಅವನ ದತ್ತಿಯ ಶಾಸನ ಸುಮಾರು 959ರದು. ಅದರಲ್ಲಿ ಕಾಲ ಎಣಿಸಿರುವುದು ಅವನ ಒಡೆಯನ ಪಡೆಯನ್ನು ಸೋಲಿಸಿದ ಅದೇ ಕೃಷ್ಣನ ಆಳ್ವಿಕೆಯ ಇಪ್ಪತ್ತನೆಯ ವರ್ಷವೆಂದು.

ಹೆರೊಡೊಟಸ್ ಹೇಳುವ ಕಥೆಯಲ್ಲಿ, ಲೋಕದಲ್ಲಿ ಅತಿ ಸುಖಿ ಯಾರು ಎಂದು ದೊರೆ ಕ್ರೀಸಸ್ ಕೇಳಿದಾಗ ಸೋಲನ್ ಕೊಟ್ಟ ಹೆಸರು ಟೆಲ್ಲಸ್. ಊರು ಚೆನ್ನಾಗಿತ್ತು, ಮಕ್ಕಳು ಮೊಮ್ಮಕ್ಕಳಿದ್ದರು, ಕಾಳಗದಲ್ಲಿ ಗೆದ್ದು ಸತ್ತ, ಬಿದ್ದಲ್ಲೇ ಊರವರು ಗೌರವದಿಂದ ಮಣ್ಣು ಮಾಡಿದರು. ವೀರಗಲ್ಲುಗಳ ನಾಡಿನವರಿಗೆ ಈ ಉತ್ತರ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಅಳತೆಗೋಲಿನಲ್ಲಿ ಚತುರಾನನನ ಬಾಳು 949ರಲ್ಲೇ ಕೆಟ್ಟುಹೋಯಿತು. ಅದೇ ನಿಜವೇ? ಅರಿಸ್ಟಾಟಲ್ ಸೋಲನ್‌ನ ಮಾತಿನ ಜೊತೆ ಗುದ್ದಾಡುವುದು ಇಲ್ಲಿಯೇ. ದೊಡ್ಡ ಪೆಟ್ಟುಗಳು ಬಾಳನ್ನು ಕುಗ್ಗಿಸುತ್ತವೆ ಎಂದು ಅವನು ಒಪ್ಪುತ್ತಾನೆ; ಆದರೂ ಒಳ್ಳೆಯ ಚಮ್ಮಾರ ಇದ್ದ ತೊಗಲಿನಲ್ಲೇ ಆದಷ್ಟು ಒಳ್ಳೆಯ ಕೆರ ಹೊಲಿಯುವಂತೆ, ಸಜ್ಜನ ಇದ್ದದ್ದರಲ್ಲೇ ಚೆನ್ನಾಗಿ ನಡೆಯುತ್ತಾನೆ ಎನ್ನುತ್ತಾನೆ. ಹತ್ತು ವರ್ಷದ ಕೊರಗಿನಾಚೆ ಮಠ ನಡೆಸಿ, ದತ್ತಿ ಬಿಟ್ಟವನು ಅಂಥ ಚಮ್ಮಾರ.

ಇಷ್ಟೆಲ್ಲ ಹೊರಬಲ್ಲ ಕನ್ನಡ ಪದ ಯಾವುದು? ‘ಸಂತೋಷ’ ಮನಸ್ಸಿನ ಸ್ಥಿತಿಯ ಹೆಸರು, ಸಾಲದು. ‘ಆನಂದ’ಕ್ಕೆ ಉಪನಿಷತ್ತಿನ ಭಾರವಿದೆ. ‘ಶ್ರೇಯಸ್ಸು’ ಪ್ರೇಯಸ್ಸಿಗೆ ಎದುರಾಗಿ ನಿಲ್ಲುವ ಪದ. ಸುಖವನ್ನು ಒಳಗೊಳ್ಳಬೇಕಾದ ಕಡೆ ಅದು ಹೊರಗಿಡುತ್ತದೆ. ಉಳಿಯುವುದು ‘ಬಾಳ್ವೆ’. ಬಾಳುವುದೆಂದರೆ ಬರೀ ಉಸಿರಾಡುವುದಲ್ಲ. ‘ನೂರು ಕಾಲ ಬಾಳು’ ಎಂಬ ಹರಕೆಯಲ್ಲಿ, ‘ಬಾಳಿ ಬದುಕಿದ ಮನೆ’ ಎಂಬ ಮಾತಿನಲ್ಲಿ ಏಳಿಗೆಯೂ ಮರ್ಯಾದೆಯೂ ಸೇರಿವೆ. ತಮಿಳಿನ ‘ವಾಳ್’ ಇದರ ಸೋದರ ಪದ. ಅಲ್ಲೂ ಅದೇ ಎರಡರ್ಥ. ತೀರಾ ದಿನಬಳಕೆಯ ಪದವಲ್ಲವೇ ಎಂದರೆ, ಅದೇ ಅದರ ಗುಣ. ಚೆನ್ನಾಗಿ ಬಾಳುವುದು, ಚೆನ್ನಾಗಿ ನಡೆಯುವುದು, ಯುಡೈಮೋನಿಯ ಮೂರೂ ಒಂದೇ ಎಂದು ಎಲ್ಲರೂ ಒಪ್ಪುತ್ತಾರೆ ಎಂದೇ ಅರಿಸ್ಟಾಟಲ್ ಶುರುಮಾಡುವುದು. ಹೆಡೊನೆಗೆ ‘ಸುಖ’ ಇರಲಿ, ಎಪಿಕ್ಯೂರಸನ ಕಲಕಿಲ್ಲದ ಮನಸ್ಸಿಗೆ ‘ನೆಮ್ಮದಿ’ ಇರಲಿ, ಯುಡೈಮೋನಿಯ ‘ಬಾಳ್ವೆ’ಯಾಗಲಿ. ಆಗ ಎಪಿಕ್ಯೂರಸನ ಮಾತಿಗೆ ಅದರ ಮೊನೆ ಮರಳಿ ಬರುತ್ತದೆ: ಒಳ್ಳೆಯ ಬಾಳ್ವೆಯೆಂದರೆ ಸುಖ, ಸುಖದ ಮೇರೆ ನೆಮ್ಮದಿ. ಒಪ್ಪುವವರು ಒಪ್ಪಲಿ, ಜಗಳವಾಡುವವರು ಆಡಲಿ; ಏನನ್ನು ಒಪ್ಪುತ್ತಿದ್ದೇವೆ ಎಂಬುದಂತೂ ತಿಳಿದಿರುತ್ತದೆ.

ಪದಗಳ ಈ ತಕರಾರು ವಿದ್ವಾಂಸರ ಮನೆಯೊಳಗಿನದಲ್ಲ. ‘ನೆಮ್ಮದಿ ನಿಮ್ಮೊಳಗೇ ಇದೆ’ ಎನ್ನುವ ಭಾಷಣಗಳು, ಪುಸ್ತಕಗಳು, ಮೊಬೈಲ್ ಆ್ಯಪ್‌ಗಳು ಈಗ ಧಾರಾಳ. ಅವುಗಳಲ್ಲಿ ಗ್ರೀಕರ ಹೆಸರೂ ಬರುತ್ತದೆ. ತಿರುವೊಟ್ಟಿಯೂರಿನ ಪಕ್ಕದ ಎಣ್ಣೂರು ಅಳಿವೆಯಲ್ಲಿ 2023ರ ಡಿಸೆಂಬರಿನಲ್ಲಿ, ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಎಣ್ಣೆ ಹರಿದು ಬಂತು. ದೋಣಿಗೆ, ಬಲೆಗೆ, ಕಾಂಡ್ಲಾ ಗಿಡಗಳಿಗೆ ಮೆತ್ತಿಕೊಂಡಿತು. ಮೀನುಗಾರರ ದುಡಿಮೆ ನಿಂತಿತು. ಅವರಿಗೆ ನೆಮ್ಮದಿ ಒಳಗಿದೆ ಎಂದು ಹೇಳಲು ಅರಿಸ್ಟಾಟಲ್ ಒಪ್ಪುವುದಿಲ್ಲ. ಹೊರಗಿನ ಅನುಕೂಲವಿಲ್ಲದೆ ಚೆನ್ನಾಗಿ ನಡೆಯುವುದು ಸುಲಭವಲ್ಲ ಎಂದವನು ಅವನು. ಎಪಿಕ್ಯೂರಸನೂ ಒಪ್ಪುವುದಿಲ್ಲ. ಹಸಿವು, ಬಾಯಾರಿಕೆ, ಚಳಿ ಇವು ಸಹಜವಾದ, ತೀರಲೇಬೇಕಾದ ಬಯಕೆಗಳು. ಇವು ತೀರುತ್ತವೆಂಬ ಭರವಸೆಯೂ ಬೇಕು ಎಂಬ ಅಡಿಪಾಯದ ಮೇಲೆ ಅವನ ನೆಮ್ಮದಿ ನಿಂತಿದೆ. ಅಡಿಪಾಯ ಕಿತ್ತುಕೊಂಡು ನೆಮ್ಮದಿಯನ್ನು ಮಾತ್ರ ಹಂಚುವವರು ಗ್ರೀಕರ ಹೆಸರು ಹೇಳಬಾರದು.

ಪಟ್ಟಿನತ್ತಾರನಿಗೂ ಎಣ್ಣೂರಿನ ಮೀನುಗಾರನಿಗೂ ಕಡಲು ಒಂದೇ. ಆದರೆ ಇದ್ದದ್ದನ್ನು ತಾನಾಗಿ ಬಿಟ್ಟವನ ಮಾತನ್ನು, ಇದ್ದದ್ದು ಕೈಬಿಟ್ಟುಹೋದವನಿಗೆ ಉಪದೇಶ ಮಾಡಲಾಗದು. ಒಬ್ಬನದು ಆಯ್ಕೆ, ಇನ್ನೊಬ್ಬನದು ನಷ್ಟ. ಸುಖ, ನೆಮ್ಮದಿ, ಬಾಳ್ವೆಗಳನ್ನು ಬೇರೆ ಬೇರೆಯಾಗಿ ಹೆಸರಿಸುವ ಭಾಷೆಯಲ್ಲಿ ಈ ಅಂತರ ಮುಚ್ಚಿಹೋಗುವುದಿಲ್ಲ.