ದೀಪ ಹಾಕಿದರೆ ರೇಡಿಯೊ ಗೊರಗುಟ್ಟುವುದೇಕೆ?

ಮುಂಜಾನೆ ಅಜ್ಜ ರೇಡಿಯೊದಲ್ಲಿ ವಾರ್ತೆ ಕೇಳುತ್ತಿದ್ದಾರೆ. ಪರೀಕ್ಷೆಗೆ ಓದಲು ಎದ್ದ ಮೊಮ್ಮಗಳು ಮೇಜಿನ ದೀಪ ಹಾಕುತ್ತಾಳೆ. ಕೂಡಲೇ ವಾರ್ತೆ ಅಡಗಿ 'ಗೊರ್' ಎಂಬ ಸದ್ದಷ್ಟೇ ಉಳಿಯುತ್ತದೆ. "ಅಪ್ಪಾ, ರೇಡಿಯೊ ಹಳೇದಾಯ್ತು, ಗುಜರಿಗೆ ಹಾಕೋಣ" ಎನ್ನುತ್ತಾನೆ ಮಗ. ಆದರೆ ಇಂಥ ಕಡೆ ತಪ್ಪು ಅನೇಕ ಸಲ ರೇಡಿಯೊದ್ದಲ್ಲ, ದೀಪದ್ದು.

ಹಳೆಯ ಬಲ್ಬಿನಲ್ಲಿ ಇದ್ದದ್ದು ಬರಿಯ ಟಂಗ್‌ಸ್ಟನ್ ತಂತಿ. ಅದು ಕಾದು ಬೆಳಗುತ್ತಿತ್ತು. ರೇಡಿಯೊಗೆ ಅದರಿಂದ ಉಪದ್ರವವಿರಲಿಲ್ಲ. ಟ್ಯೂಬ್‌ಲೈಟಿನಿಂದ ಸ್ವಲ್ಪ ತೊಂದರೆಯಿತ್ತು. ಅದರ ಸ್ಟಾರ್ಟರಿನೊಳಗೆ ಇರುವ ಪುಟ್ಟ ಕೆಪಾಸಿಟರ್ ಆ ಗದ್ದಲವನ್ನು ತಗ್ಗಿಸಲೆಂದೇ ಇಟ್ಟದ್ದು.

ಎಲ್‌ಇಡಿ ದೀಪದ ಸಂಗತಿ ಬೇರೆ. ಮನೆಗೆ ಬರುವುದು 230 ವೋಲ್ಟಿನ, 50 ಹರ್ಟ್ಸ್ ಆವರ್ತಾಂಕದ ಪರ್ಯಾಯ ವಿದ್ಯುತ್. ಎಲ್‌ಇಡಿಗೆ ಬೇಕಾದದ್ದು ನೇರ ವಿದ್ಯುತ್. ಈ ಮಾರ್ಪಾಡು ಮಾಡುವ 'ಡ್ರೈವರ್' ಬಲ್ಬಿನ ಬುಡದಲ್ಲಿರುತ್ತದೆ. ಬಹಳಷ್ಟು ಡ್ರೈವರುಗಳು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತಡೆದು ತಡೆದು ಬಿಡುತ್ತವೆ. ಆಗ ಆ ಆವರ್ತಾಂಕದ ಎರಡರಷ್ಟು, ಮೂರರಷ್ಟು, ಹತ್ತರಷ್ಟು ಆವರ್ತಾಂಕದ ಅಲೆಗಳೂ ಹುಟ್ಟುತ್ತವೆ. 68 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಡ್ರೈವರನ್ನು ಊಹಿಸಿಕೊಳ್ಳಿ. ಅದರ ಒಂಬತ್ತರಷ್ಟು 612 ಕಿಲೋಹರ್ಟ್ಸ್. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಜಾಗವೂ ಅದೇ!

ಗೋಡೆಯೊಳಗಿನ ವೈರುಗಳು ಆಂಟೆನಾದಂತೆ ಈ ಗದ್ದಲವನ್ನು ಮನೆ ತುಂಬ ಹರಡುತ್ತವೆ. ಒಳ್ಳೆಯ ಬಲ್ಬಿನಲ್ಲಿ ಇದನ್ನು ತಡೆಯಲು ತಂತಿಸುರುಳಿ ಮತ್ತು ಕೆಪಾಸಿಟರಿನ ಶೋಧಕ ಇರುತ್ತದೆ. ಅಗ್ಗದ ಬಲ್ಬುಗಳಲ್ಲಿ ಖರ್ಚು ಉಳಿಸಲು ಅದನ್ನು ಕೈಬಿಡುವುದುಂಟು. ಎಫ್‌ಎಂನಲ್ಲಿ ತೊಂದರೆ ಕಡಿಮೆ. ಅಲ್ಲಿ ಮಾತು, ಹಾಡು ಅಡಗಿರುವುದು ಅಲೆಯ ಎತ್ತರದಲ್ಲಲ್ಲ, ಆವರ್ತಾಂಕದ ಏರಿಳಿತದಲ್ಲಿ.

ತಪ್ಪಿತಸ್ಥ ದೀಪವನ್ನು ವಿದ್ಯಾರ್ಥಿಗಳೇ ಪತ್ತೆ ಮಾಡಬಹುದು. ಸೆಲ್ ಹಾಕಿದ ರೇಡಿಯೊವನ್ನು ಮಧ್ಯಮ ತರಂಗದಲ್ಲಿ ಯಾವ ಕೇಂದ್ರವೂ ಸಿಗದ ಜಾಗಕ್ಕೆ ತಿರುಗಿಸಿ. ಹಿರಿಯರಿಂದ ಮನೆಯ ಮೇನ್ ಸ್ವಿಚ್ ಆರಿಸಲು ಹೇಳಿ. ಗದ್ದಲ ಹಾಗೆಯೇ ಇದ್ದರೆ ಮೂಲ ಮನೆಯ ಹೊರಗಿದೆ. ನಿಂತರೆ, ಮೇನ್ ಸ್ವಿಚ್ ಹಾಕಿ ದೀಪ, ಚಾರ್ಜರ್, ಫ್ಯಾನುಗಳನ್ನು ಒಂದೊಂದಾಗಿ ಹಾಕಿ ನೋಡಿ. ಯಾವುದನ್ನು ಹಾಕಿದಾಗ ಗೊರಗುಟ್ಟಿತು ಎಂದು ಪುಸ್ತಕದಲ್ಲಿ ಬರೆದಿಡಿ.

ಪರಿಹಾರ ಸುಲಭ. ರೇಡಿಯೊವನ್ನು ಆ ದೀಪದಿಂದಲೂ ಅದರ ವೈರಿನಿಂದಲೂ ಒಂದೆರಡು ಮೀಟರ್ ದೂರ ಇಡಿ. ನಿಧಾನವಾಗಿ ತಿರುಗಿಸಿ, ಒಳಗಿನ ಫೆರೈಟ್ ಕಡ್ಡಿಯ ಆಂಟೆನಾಕ್ಕೆ ದಿಕ್ಕಿನ ಗುಣವಿರುವುದರಿಂದ ಒಂದು ಕೋನದಲ್ಲಿ ಗದ್ದಲ ತಗ್ಗುತ್ತದೆ. ಅದೂ ಸಾಲದಿದ್ದರೆ ಬೇರೆ ಬಲ್ಬು ಹಾಕಿ ನೋಡಿ. ಬಲ್ಬನ್ನು ಬಿಚ್ಚಿ ರಿಪೇರಿ ಮಾಡಲು ಮಾತ್ರ ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಅದರ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಅಜ್ಜನ ರೇಡಿಯೊ ಗುಜರಿಗೆ ಹೋಗುವ ಮುನ್ನ ಇಷ್ಟನ್ನು ಪರೀಕ್ಷಿಸಿದರೆ ಒಳ್ಳೆಯದು. ಮೊಮ್ಮಗಳ ಓದೂ ನಡೆದೀತು, ಅಜ್ಜನ ವಾರ್ತೆಯೂ ಉಳಿದೀತು.