ನೆಟ್ಟು ಗಂಡಸಿನ ಜೇಬಲ್ಲಿದ್ರೆ ಸಾಲದು, ಮನೇಲಿರಬೇಕು



"ಈಗ ಎಲ್ಲರ ಕೈಲೂ ಮೊಬೈಲ್ ಇದೆ, ಕೇರಿ ಮನೆಗೆ ವೈಫೈ, ಕಂಪ್ಯೂಟರ್ ಎಲ್ಲಾ ಯಾತಕ್ಕೆ?" ಅಂತ ಕೇಳೋರಿಗೆ ಈ ಪೋಸ್ಟ್. ಹಿಂಗೆ ಕೇಳೋರು ಊರವರು ಮಾತ್ರ ಆಗಿದ್ರೆ ಸುಮ್ಮನಿರ್ತಿದ್ದೆ. ನಮ್ಮ ಸಂಘಟನೆಯ ಅಣ್ಣಂದಿರೂ ಕೇಳ್ತಿದ್ದಾರೆ. ಅದಕ್ಕೇ ಉದ್ದ ಬರೀತಿದ್ದೀನಿ, ಪೂರ್ತಿ ಓದಿ.

ಎಲ್ಲರ ಕೈಲೂ ಅಂದ್ರೆ ಯಾರ ಕೈಲಿ ಸ್ವಾಮಿ? ನಮ್ಮ ಎಷ್ಟೋ ಮನೆಗಳಲ್ಲಿ ಡೇಟಾ ಇರೋ ಫೋನು ಅಪ್ಪನ ಹತ್ರ, ಇಲ್ಲಾ ದೊಡ್ಡ ಮಗನ ಹತ್ರ. ಅವನು ಬೆಳಗ್ಗೆ ಕೆಲಸಕ್ಕೆ ಹೊರಟರೆ ಮನೆಯ ಇಂಟರ್ನೆಟ್ಟೂ ಅವನ ಜೇಬಲ್ಲೇ ಹೊರಟಂಗೆ. ಪಿಯುಸಿ ಓದೋ ಮಗಳು ರಾತ್ರಿ ಅವನು ಬಂದು ಹಾಟ್‌ಸ್ಪಾಟ್ ಆನ್ ಮಾಡೋವರೆಗೂ ಕಾಯಬೇಕು. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಯಾರ ಮಕ್ಕಳು ಹೊರಗುಳಿದ್ರು ಅಂತ ನಿಮಗೆ ನಾನು ಹೇಳಬೇಕಾ?

ಇನ್ನು ಅರ್ಜಿಗಳ ಕಥೆ. ಜಾತಿ ಪ್ರಮಾಣಪತ್ರ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಹಾಸ್ಟೆಲ್ ಸೀಟು ಎಲ್ಲವೂ ಆನ್‌ಲೈನ್. ನಾವು ಸೈಬರ್ ಅಂಗಡಿ ಮುಂದೆ ನಿಂತು ತುಂಬಿಸ್ತೀವಿ. ದುಡ್ಡೂ ಕೊಡ್ತೀವಿ, ಆಧಾರ್ ನಂಬರ್, ಓಟಿಪಿ, ಪಾಸ್‌ವರ್ಡನ್ನೂ ಗುರುತಿಲ್ಲದವರ ಕೈಗೆ ಕೊಟ್ಟು ಬರ್ತೀವಿ. ಅರ್ಜಿ ಎಲ್ಲಿಗೆ ಬಂದು ನಿಂತಿದೆ ಅಂತ ನೋಡೋಕೂ ಮತ್ತೆ ಅದೇ ಅಂಗಡಿ. ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದ್ರೆ ಫೈಲು ಹೆಂಗೆ ಕೂತುಬಿಡುತ್ತೆ ಅನ್ನೋದು ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು. ಆ ಒಂದಕ್ಷರವನ್ನ ನಮ್ಮ ಮಗಳು ನಮ್ಮ ಮನೇಲೇ ಕೂತು ನೋಡಿ ಸರಿಮಾಡೋ ಹಂಗಿರಬೇಕು.

ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ ಮುಂಬೈ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ಆದರೂ ಚವದಾರ್ ಕೆರೆಯ ನೀರು ಮುಟ್ಟೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನ ಕರಕೊಂಡು ನಡೀಬೇಕಾಯ್ತು. ಕಾಗದದ ಮೇಲಿನ ಹಕ್ಕು ಬೇರೆ, ಬೊಗಸೆಗೆ ಬಂದ ನೀರು ಬೇರೆ. ಇಂಟರ್ನೆಟ್ ವಿಚಾರದಲ್ಲೂ ಕಾಗದ ಇದೆ. ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬಳ ಕೇಸಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ, ಇಂಟರ್ನೆಟ್ ಬಳಸೋ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಅಂತ ಹೇಳಿತು. ವೈಫೈ ಹರಿಯೋ 2.4 ಗಿಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಡ ಅಂತ ಕೇಂದ್ರ ಸರ್ಕಾರ 2005ರಲ್ಲೇ ಆದೇಶ ಮಾಡಿದೆ. ಆದ್ರೆ ತೀರ್ಪಾಗಲಿ ಆದೇಶವಾಗಲಿ ಬಂದು ನಮ್ಮ ಮನೆ ಗೋಡೆಗೆ ರೂಟರ್ ಮೊಳೆ ಹೊಡೆಯಲ್ಲ. ಅದನ್ನ ನಾವೇ ಹೊಡೀಬೇಕು.

ಎರಡನೇ ತಕರಾರು, "ಖರ್ಚು ಜಾಸ್ತಿ, ಹೊಸ ಕಂಪ್ಯೂಟರ್ ಬೇಕು" ಅನ್ನೋದು. ಇದು ಅಂಗಡಿಯವರು ಕಲಿಸಿದ ಪಾಠ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಇದೆಯಾ, ಪ್ರೊಸೆಸರ್ ಯಾವ ಕಾಲದ್ದು ಅಂತ ಕೇಳುತ್ತೆ. ಚೆನ್ನಾಗಿ ದುಡಿಯೋ ಯಂತ್ರಕ್ಕೂ ಕುಲಗೋತ್ರ ವಿಚಾರಿಸಿ ಆಚೆ ನಿಲ್ಲಿಸಿದಂಗೆ! ಹಂಗೆ ಆಚೆ ಬಿದ್ದ ಮಷಿನ್ನುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕಮ್ಮಿ ರೇಟಿಗೆ ಸಿಗುತ್ತವೆ. 4 ಜಿಬಿ ರ್‍ಯಾಮ್ ಇರೋದು ನೋಡಿ ತಗೊಳ್ಳಿ, ಲಿನಕ್ಸ್ ಮಿಂಟ್ ಹಾಕಿ. ಅದಕ್ಕೆ ಒಂದು ರೂಪಾಯಿಯೂ ಇಲ್ಲ. ಪತ್ರ ಬರೆಯೋಕೆ, ಲೆಕ್ಕ ಹಾಕೋಕೆ ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತೆ. ಮಗಳ ಕಾಲೇಜಿನ ಯಾವುದೋ ಸಾಫ್ಟ್‌ವೇರ್‌ಗೆ ವಿಂಡೋಸೇ ಬೇಕಾ? ಅವಳ ಲ್ಯಾಪ್‌ಟಾಪಲ್ಲಿ ಅದು ಇರಲಿ.

"ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಕೈಲಿ ಆಂಡ್ರಾಯ್ಡ್, ಇವೆಲ್ಲ ಒಂದಕ್ಕೊಂದು ಕೂಡ್ತವಾ?" ಕೂಡ್ತವೆ. ರೂಟರ್ ಯಾರ ಜಾತಿಯನ್ನೂ ಕೇಳಲ್ಲ. ಪಾಸ್‌ವರ್ಡ್ ಹೇಳಿ ಒಳಗೆ ಬಂದ ಪ್ರತಿ ಯಂತ್ರಕ್ಕೂ ಒಂದೊಂದು ಐಪಿ ನಂಬರ್ ಕೊಟ್ಟು ಕೂರಿಸುತ್ತೆ. ಲಿನಕ್ಸ್ ಮಷಿನ್‌ನಲ್ಲಿರೋ ಫೋಲ್ಡರ್ ವಿಂಡೋಸಲ್ಲೂ ತೆರೆಯಬೇಕಂದ್ರೆ ಸಾಂಬಾ ಅನ್ನೋ ಉಚಿತ ತಂತ್ರಾಂಶ ಇದೆ. ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ 1990ರ ದಶಕದ ಶುರುವಿನಲ್ಲಿ ಬರೆಯೋಕೆ ಹಿಡಿದದ್ದು. ಒಂದು ಮಷಿನ್‌ಗೆ ಪ್ರಿಂಟರ್ ಹಾಕಿ ಶೇರ್ ಮಾಡಿದ್ರೆ ಮನೆಯವರೆಲ್ಲ ಪ್ರಿಂಟ್ ಕೊಡಬಹುದು.

ಕನ್ನಡಕ್ಕೆ ಮಾತ್ರ ಒಂದು ಎಚ್ಚರ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಮನವಿ, ಆ ಫಾಂಟ್ ಇಲ್ಲದ ಕಡೆ ತೆರೆದ್ರೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತೆ. ಯುನಿಕೋಡಲ್ಲೇ ಬರೀರಿ, ಮೂರರಲ್ಲೂ ಓದೋಕೆ ಬರುತ್ತೆ.

ಖರ್ಚೆಷ್ಟು? ಸಾದಾ ರೂಟರ್ ಸಾವಿರ–ಒಂದೂವರೆ ಸಾವಿರಕ್ಕೆ ಸಿಗುತ್ತೆ. ಎಷ್ಟೋ ಕಡೆ ಕನೆಕ್ಷನ್ ಕೊಡೋರೇ ಕೊಡ್ತಾರೆ. ಫೈಬರ್ ಬರದ ಊರಲ್ಲಿ ಸಿಮ್ ಹಾಕೋ 4ಜಿ ರೂಟರ್ ಇದೆ, ಅದಕ್ಕೆ ಸ್ವಲ್ಪ ಹೆಚ್ಚು. ರೂಟರನ್ನ ಟಿವಿ ಹಿಂದೆ ಬಚ್ಚಿಡಬೇಡಿ, ಮನೆಯ ನಡುವೆ ಎತ್ತರದಲ್ಲಿಡಿ. ಮೊದಲ ದಿನವೇ ಕಂಪನಿ ಕೊಟ್ಟ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ, ಡಬ್ಲ್ಯುಪಿಎಸ್ ಆಫ್ ಮಾಡಿ.

ಈಗ ಅಣ್ಣಂದಿರಿಗೆ ಒಂದು ಮಾತು, ಬೇಜಾರಾದ್ರೂ ಸರಿ. ಏಪ್ರಿಲ್ 14 ಬಂದ್ರೆ ಊರ ಬಾಗಿಲಿಂದ ಕೇರಿವರೆಗೂ ಫ್ಲೆಕ್ಸ್ ಕಟ್ತೀವಿ. ಅದರಲ್ಲಿ ಬಾಬಾಸಾಹೇಬರ ಮುಖಕ್ಕಿಂತ ನಮ್ಮ ಮುಖಗಳೇ ದೊಡ್ಡವು. ಮಳೆ ಬಂದ ಮೇಲೆ ಅದೇ ಫ್ಲೆಕ್ಸು ಸೌದೆ ಮೇಲೆ ಹೊದಿಸೋ ತಾಟು. ಎರಡು ಫ್ಲೆಕ್ಸ್ ಕಮ್ಮಿ ಮಾಡಿದ್ರೆ ಒಂದು ಮನೆಗೆ ರೂಟರ್ ಬರುತ್ತೆ. ಪ್ರತಿ ಕೇರಿಯಲ್ಲಿ ಇಬ್ಬರು ಹುಡುಗೀರಿಗೆ ಲಿನಕ್ಸ್ ಹಾಕೋದು, ರೂಟರ್ ಸೆಟ್ಟಿಂಗ್ ಮಾಡೋದು ಕಲಿಸಿ. ಎರಡು ಭಾನುವಾರದ ಕೆಲಸ. ಇಲ್ಲದಿದ್ರೆ ಮೊದಲು ಶಾನುಭೋಗರ ಮುಂದೆ, ಆಮೇಲೆ ಸೈಬರ್ ಅಂಗಡಿ ಮುಂದೆ ಕೈಕಟ್ಟಿ ನಿಂತ ನಾವು ನಾಳೆ ರಿಪೇರಿಗೆ ಬಂದವನ ಮುಂದೆ ನಿಲ್ತೀವಿ.

ಕೊನೇ ಮಾತು. ರೂಟರ್ ಹಾಕಿಸಿ ಪಾಸ್‌ವರ್ಡನ್ನ ಅಪ್ಪನ ಫೋನಲ್ಲೇ ಇಟ್ಟುಕೊಂಡ್ರೆ ಏನೂ ಬದಲಾಗಲ್ಲ. ಅಡ್ಮಿನ್ ಪಾಸ್‌ವರ್ಡ್ ಮಗಳ ಕೈಗೆ ಕೊಡಿ.

ಜೈ ಭೀಮ್.